ಕಣದಂಥ ದಾರಿ

ಸೋಮನಿಂಗನ ಹಿತ್ತಿಲನ್ನು ಹಿತ್ತಿಲೆಂದು ಕರೆಯಲು ದೊಡ್ಡ ಮನಸ್ಸು ಬೇಕು. ಹಿಂಬಾಗಿಲ ಹೊಸ್ತಿಲು ದಾಟಿದ್ದೇ ತಡ, ನೆಲ ಕೆಳಮುಖವಾಗಿ ಓಡುತ್ತದೆ. ಗಟ್ಟಿ ಕಾಲಿನವರೂ ಗೋಡೆ ಹಿಡಿದೇ ಇಳಿಯಬೇಕು. ಆಲಮಟ್ಟಿಯ ಹಿನ್ನೀರಲ್ಲಿ ಹಳೇ ಊರು ಮುಳುಗಿದಾಗ ಅಲ್ಲಿಯ ಜನಕ್ಕೆ ಈ ಗರಸಿನ ದಿಬ್ಬದ ಮೇಲೆ ಜಾಗ ಹಂಚಿದರು. ಹಂಚುವ ದಿನ ಸೋಮನಿಂಗ ಕುರಿ ಹೊಡೆದುಕೊಂಡು ತಾಂಬಾದ ಕಡೆ ಹೋಗಿದ್ದ. ಇದ್ದವರು ಸಪಾಟು ನೆಲ ಹಿಡಿದರು, ಇಲ್ಲದವನಿಗೆ ಈ ಇಳಿಜಾರು ಉಳಿಯಿತು. ಗರಸೆಂದರೆ ಗೊತ್ತಲ್ಲ, ಕೆಂಪಗೆ ಹರಳು ಹರಳಾದ ಕಲ್ಲುಮಣ್ಣು. ನೀರು ಸುರಿದರೆ ನಿಲ್ಲದು, ಬೀಜ ಹಾಕಿದರೆ ಹುಟ್ಟದು.

“ನಮ್ಮ ನಸೀಬಾನ ಸೊಟ್ಟ ಐತಿ, ಹಿತ್ತಲ ಹೆಂಗ ನೆಟ್ಟಗಿರತೈತ್ರಿ?” ಎಂದು ಹೆಂಡತಿ ಕಾಶಿಬಾಯಿ ಆಗ ಅಂದಿದ್ದಳು. ಅಂದದ್ದು ತಮಾಷೆಗೆ. ಬಡವರ ತಮಾಷೆಯ ಮಾತಿಗೆ ದೇವರು ಕಿವಿ ಕೊಡಬಾರದು, ಆದರೆ ಅವನು ಕೇಳಿಸಿಕೊಳ್ಳುವುದು ಅಂಥವನ್ನೇ.

ಇಳಿಜಾರಿನ ಕೆಳತುದಿಯಲ್ಲಿ ಒಂದು ಬೇವಿನ ಮರವಿದೆ. ಯಾರೂ ಹಚ್ಚಿದ್ದಲ್ಲ, ತಾನಾಗಿ ಹುಟ್ಟಿ ಬೆಳೆದದ್ದು. ಅದರ ಬುಡದಲ್ಲಿ ನಿಂತರೆ ಬಸವನ ಬಾಗೇವಾಡಿಗೆ ಹೋಗುವ ರಸ್ತೆ ಕಾಣುತ್ತದೆ. ಕಾಲೇಜಿನ ಹುಡುಗಿಯರು ಬೆಳಿಗ್ಗೆ ಅಲ್ಲೇ ಬಸ್ಸು ಹತ್ತುತ್ತಾರೆ. ಸೋಮನಿಂಗನ ಒಬ್ಬಳೇ ಮಗಳು ಭಾಗ್ಯಾ ಕೂಡ ಅಲ್ಲೇ ಹತ್ತುತ್ತಿದ್ದಳು. ಮೂರು ವರ್ಷದ ಹಿಂದೆ ಕಾಲೇಜಿಗೆ ಸೂಟಿ ಬಿಟ್ಟಾಗ, ಗೆಳತಿಯರ ಜೊತೆ ತೊಗರಿ ಕೊಯ್ಯಲು ಟ್ರ್ಯಾಕ್ಟರ್ ಏರಿದಳು. ಕಾಲುವೆ ದಂಡೆಯ ತಗ್ಗಿನಲ್ಲಿ ಟ್ರೇಲರ್ ಒಮ್ಮೆ ಜಿಗಿಯಿತು. ಹುಡುಗಿಯರೆಲ್ಲ ಕಿರುಚಿ ನಕ್ಕರು, ನಕ್ಕು ಮುಗಿಸಿ ನೋಡಿದರೆ ಭಾಗ್ಯಾ ಟ್ರೇಲರಿನಲ್ಲಿರಲಿಲ್ಲ. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಮಾತ್ರ ಏನೂ ಉಳಿಯಲಿಲ್ಲ. ಇರುವೆ ಕಚ್ಚಿದರೂ ಗೊತ್ತಾಗದು, ಬೆಂಕಿ ತಾಗಿದರೂ ಗೊತ್ತಾಗದು.

ವಿಜಯಪುರದ ಅಂಗವಿಕಲರ ಶಿಬಿರದಲ್ಲಿ ಒಂದು ಗಾಲಿಕುರ್ಚಿ ಸಿಕ್ಕಿತು. ಅದರಲ್ಲಿ ಅವಳು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿಂಬಾಗಿಲಿಗೆ ತಿರುಗುತ್ತಾಳೆ. ಅಲ್ಲಿಗೆ ಅವಳ ಊರು ಮುಗಿಯಿತು. ಮುಂಬಾಗಿಲಿಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಗಟಾರ, ಗಟಾರದಾಚೆ ಕಟ್ಟೆ, ಕಟ್ಟೆಯ ಮೇಲೆ ಜನ. ಮೊದಮೊದಲು ಸೋಮನಿಂಗ ಸಂಜೆ ಅವಳನ್ನು ಎತ್ತಿಕೊಂಡು ಹೋಗಿ ಆ ಕಟ್ಟೆಯ ಮೇಲೆ ಕೂರಿಸುತ್ತಿದ್ದ. ಬಂದುಹೋಗುವವರು ನಿಂತು, “ಅಯ್ಯ ಪಾಪ, ಎಂಥಾ ಹುಡುಗಿ ಹೆಂಗಾತು!” ಎಂದು ಅವಳೆದುರಿಗೇ ಅವಳ ಸುದ್ದಿ ಮಾತಾಡುತ್ತಿದ್ದರು. ಒಂದು ದಿನ ಭಾಗ್ಯಾ, “ಇನ್ನ ನನ್ನ ಹೊರಗ ಎತಗೊಂಡ ಹೋಗಬ್ಯಾಡ ಅಪ್ಪಾ” ಎಂದಳು. ಆಮೇಲೆ ಅವಳು ಕೂರುವ ಜಾಗ ಹಿಂಬಾಗಿಲಾಯಿತು. ಅಲ್ಲಿಂದ ಬೇವಿನ ಮರ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ.

ಹೋದ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಮಗಳನ್ನು ಬಚ್ಚಲಿಗೆ ಎತ್ತಿ ಒಯ್ಯುವಾಗ ಸೋಮನಿಂಗನ ಸೊಂಟ ಹಿಡಿದುಕೊಂಡಿತು. ಗೋಡೆಗೆ ಒರಗಿ ನಿಂತದ್ದಕ್ಕೆ ಇಬ್ಬರೂ ಬೀಳಲಿಲ್ಲ. ಅವನು ನೋವು ನುಂಗಿ ನಕ್ಕ. ಅವಳು ನಗಲಿಲ್ಲ.

“ಅಪ್ಪಾ, ನಿನಗ ವಯಸ್ಸಾತು. ನಾಳೆ ನಿನ್ನ ಕೈಲೆ ಆಗಲಿಲ್ಲಂದ್ರ ನನ್ನ ಯಾರ್ ಎತ್ತತಾರ?”

“ಅದನ್ನೆಲ್ಲಾ ಈಗ ಯಾಕ ವಿಚಾರ ಮಾಡತಿ ಅವ್ವಾ?”

“ಮತ್ತ ಯಾವಾಗ ಮಾಡ್ಲಿ? ನನಗೊಂದ ಆಸೆ ಐತಿ. ಆ ಬೇವಿನ ಗಿಡದ ಬುಡಕ ನಾ ಒಬ್ಬಾಕಿನ ಹೋಗಬೇಕು. ಯಾರೂ ನನ್ನ ಮುಟ್ಟಬಾರದು, ಹಿಂದ ಕುರ್ಚಿ ಹಿಡೀಬಾರದು. ಅಲ್ಲಿ ಕುಂತು ರಸ್ತಾ ನೋಡಿ ನಾನ ತಿರುಗಿ ಬರಬೇಕು. ಅಷ್ಟು ಮಾಡಿಕೊಡ. ಬ್ಯಾರೆ ಏನೂ ಕೇಳೂದಿಲ್ಲ.”

ಮಕ್ಕಳು ಏನೇನೋ ಕೇಳುತ್ತಾರೆ. ಸ್ವಂತ ಹಿತ್ತಿಲಿಗೆ ಹೋಗಬೇಕೆಂದು ಕೇಳಿದ ಮಗಳನ್ನು ಸೋಮನಿಂಗ ಅಂದೇ ಕಂಡದ್ದು. ಅವನು ಆಗಲಿ ಎಂದ.

ಭಾಗ್ಯಾ ಆಗಲೇ ಎಲ್ಲ ಯೋಚಿಸಿಟ್ಟಿದ್ದಳು. ಮೊಬೈಲಿನಲ್ಲಿ ದೇಶದೇಶದವರು ಇಳಿಜಾರಿನಲ್ಲಿ ತೋಟ ಮಾಡುವುದನ್ನು ನೋಡಿ ನೋಡಿ ಅವಳಿಗೆ ಅದರ ಕ್ರಮ ತಿಳಿದಿತ್ತು. ಸುಣ್ಣದ ಕಡ್ಡಿ ಹಿಡಿದು ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ ಚಿತ್ರ ಬರೆದಳು. ಇಳಿಜಾರಿಗೆ ಅಡ್ಡಲಾಗಿ ಮೂರು ಕಲ್ಲಿನ ಒಡ್ಡು, ಒಂದೊಂದು ಒಡ್ಡಿನ ಹಿಂದೆ ಒಂದೊಂದು ಸಪಾಟು ಮಡಿ, ಮಡಿಯಿಂದ ಮಡಿಗೆ ಹಾವು ಹರಿದಂತೆ ಓರೆಯಾಗಿ ಇಳಿಯುವ ದಾರಿ.

“ಒಡ್ಡಿನ ಕಲ್ಲಾಗ ಅಲ್ಲಲ್ಲಿ ಸಂದಿ ಬಿಡಬೇಕು ಅಪ್ಪಾ, ನೀರು ಹಾದು ಹೋಗಾಕ. ಹಿಂದ ಗರಸು ತುಂಬಬೇಕು. ದಾರಿಗೂ ಗರಸ ಹಾಕಬೇಕು.”

“ಗರಸಿನ್ಯಾಗ ಏನ ಬೆಳಿತೈತಿ?”

“ದಾರ್ಯಾಗ ಏನೂ ಬೆಳೀಬೇಕಾಗಿಲ್ಲಪ್ಪಾ. ಗಾಲಿ ಉಳ್ಳಿದ್ರ ಸಾಕು.”

ಕೈಯಲ್ಲಿ ರೊಕ್ಕವಿರಲಿಲ್ಲ, ಆದರೆ ಈ ಕೆಲಸಕ್ಕೆ ರೊಕ್ಕ ಹೆಚ್ಚು ಬೇಕಾಗಿಯೂ ಇರಲಿಲ್ಲ. ಗರಸು ಕಾಲ ಕೆಳಗೇ ಇತ್ತು. ಕಲ್ಲಿಗೆ ನೆರೆಮನೆಯ ಯಾಕೂಬಸಾಬನಿದ್ದ. ಅವನ ಟ್ರ್ಯಾಕ್ಟರ್ ತಾಳಿಕೋಟಿಗೆ ಮಾಲು ಒಯ್ದು ಖಾಲಿ ಬರುತ್ತಿತ್ತು. ಅಲ್ಲಿಯ ಪರಸಿ ಖಣಿಗಳ ಬಾಯಲ್ಲಿ ಒಡೆದ ಚೂರುಗಳ ಗುಡ್ಡೆಯೇ ಬಿದ್ದಿರುತ್ತದೆ, ಹೊತ್ತೊಯ್ದವರಿಗೆ ಪುಣ್ಯ ಎನ್ನುತ್ತಾರೆ. ಯಾಕೂಬಸಾಬ ಬರುವಾಗಲೆಲ್ಲ ಒಂದಿಷ್ಟು ತಂದು ಸುರಿದ. ಬಾಡಿಗೆ ಎಂದರೆ, “ಭಾಗ್ಯಾ ನನಗ ಚಾ ಮಾಡಿ ಕೊಡ್ಲಿ, ಮುಗೀತು” ಎಂದ. ಕಾಶಿಬಾಯಿ ಎಣ್ಣೆಯ ಖಾಲಿ ಡಬ್ಬಿಗಳನ್ನು ಸೀಳಿ ತುಳಸಿ, ಚೆಂಡುಹೂವಿನ ಸಸಿ ಮಾಡಿದಳು. ಬಚ್ಚಲ ನೀರು ಮಡಿಗಳಿಗೆ ಹರಿಯಲಿ ಎಂದು ಸೋಮನಿಂಗ ಒಂದು ಹಳೆಯ ಪೈಪು ಜೋಡಿಸಿದ. ಸೊಂಟಕ್ಕೆ ಪಂಚೆ ಬಿಗಿದುಕೊಂಡು ಅವನು ದುಡಿದದ್ದನ್ನು ನೋಡಿದವರು, ಮುದುಕನಿಗೆ ಹರೆಯ ಬಂದಿದೆ ಎಂದು ನಕ್ಕರು. ಬಂದಿತ್ತು ಕೂಡ.

ಚೈತ್ರ ಮುಗಿಯುವ ಹೊತ್ತಿಗೆ ಮೇಲಿನ ಒಡ್ಡು ಎದ್ದಿತು. ಅದರ ಹಿಂದೆ ಗರಸು ತುಂಬಿ, ಮೊದಲ ತಿರುವಿನ ತನಕ ದಾರಿಗೂ ಗರಸು ಬಡಿದದ್ದಾಯಿತು. ಭಾಗ್ಯಾ ಗಾಲಿ ಉರುಳಿಸಿಕೊಂಡು ತಿರುವಿನ ತನಕ ಹೋದಳು, ತಾನೇ ಕುರ್ಚಿ ತಿರುಗಿಸಿಕೊಂಡು ಬಂದಳು. “ಸ್ವಲ್ಪ ಜಗ್ಗತೈತಿ, ಆದ್ರ ಜಾರೂದಿಲ್ಲ. ಹಿಂಗ ಮುಂದ ಹೋಗೂಣು” ಎಂದಳು. ಹಾಗೇ ಮುಂದುವರಿದಿದ್ದರೆ ಈ ಕತೆಯನ್ನು ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಆ ವಾರದಲ್ಲೇ ಯಾಕೂಬಸಾಬ ಒಂದು ಸುದ್ದಿ ತಂದ. “ಸೋಮಣ್ಣ, ಈ ಸಲ ನೀರು ಭಾಳ ಹಿಂದಕ ಸರದೈತಿ. ನಿಮ್ಮ ಹೊಲದಾಗಿನ ಬನ್ನಿ ಗಿಡದ ಬೊಡ್ಡಿ ಕಾಣಾಕತ್ತೈತಿ ನೋಡು.”

ಸೋಮನಿಂಗ ಕೈಯಲ್ಲಿದ್ದ ಸಲಿಕೆಯನ್ನು ಅಲ್ಲೇ ಬಿಟ್ಟು ಹೊರಟ. ಹೊಲ ಹಿನ್ನೀರಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಬೇರೆಯವರ ಹೊಲಗಳು ಎಷ್ಟೋ ಸಲ ತಲೆ ಎತ್ತಿದ್ದವು, ತಗ್ಗಿನಲ್ಲಿದ್ದ ಅವನದು ಒಮ್ಮೆಯೂ ಎದ್ದಿರಲಿಲ್ಲ. ಈಗ ಎದ್ದಿತ್ತು. ಕಪ್ಪಗೆ, ಬಿರುಕು ಬಿಟ್ಟು, ಅಂಗಾತ ಮಲಗಿತ್ತು. ನಡುವೆ ಬನ್ನಿಯ ಬೊಡ್ಡಿ, ಅಪ್ಪ ಹಾಕಿದ ಬದುವಿನ ಕಲ್ಲು. ಸೋಮನಿಂಗ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಎತ್ತಿ ಮೂಸಿದ. ಬೆರಳಲ್ಲಿ ಪುಡಿ ಮಾಡಿ ನಾಲಿಗೆಗೆ ಹಚ್ಚಿಕೊಂಡ. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿ, ತಾಯಿ ಸತ್ತಾಗಲೂ ಅಳದಿದ್ದವನು ಜೋರಾಗಿ ಅತ್ತ.

ಎರೆಮಣ್ಣಿನ ಸೀಮೆಯಲ್ಲಿ ಹುಟ್ಟದವರಿಗೆ ಇದು ಅರ್ಥವಾಗುವುದು ಕಷ್ಟ. ಇಲ್ಲಿಯವರು ಹೆಣ್ಣು ಕೊಡುವಾಗ ಹುಡುಗನ ಮುಖಕ್ಕಿಂತ ಮೊದಲು ಹೊಲದ ಬಣ್ಣ ನೋಡುತ್ತಾರೆ. ಕಪ್ಪಿದ್ದರೆ ಮಾತು ಮುಂದೆ ಹೋಗುತ್ತದೆ. ಗರಸಿನ ಹೊಲದವನು ಎಷ್ಟು ಚೆಲುವನಾದರೂ ಗರಸಿನವನೇ. ಸೋಮನಿಂಗ ಕಪ್ಪು ಹೊಲದವನಾಗಿ ಹುಟ್ಟಿ ಗರಸಿನವನಾಗಿ ಮುಪ್ಪಾಗುತ್ತಿದ್ದ, ಅದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಕಾಳಗಕ್ಕೆಂದು ಮೇಯಿಸಿ ಬೆಳೆಸಿದ ಟಗರೊಂದು ಅವನಲ್ಲಿತ್ತು. ಮಗಳ ಮುಂದಿನ ಔಷಧಿಗೆ ಇರಲಿ ಎಂದು ಉಳಿಸಿಕೊಂಡಿದ್ದ. ಮರುದಿನವೇ ಅದನ್ನು ಇಂಡಿ ಪಟ್ಟಣದವರಿಗೆ ಮಾರಿದ. ಬಂದ ರೊಕ್ಕದಲ್ಲಿ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ, ಹೇರಿದವರಿಗೆ ಕೂಲಿ ಕೊಟ್ಟು, ಹಳೇ ಹೊಲದ ಮಣ್ಣನ್ನು ಹೊಸ ಹಿತ್ತಿಲಿಗೆ ಸಾಗಿಸಿದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ. ಕಾಲ ಕೆಳಗಿನ ಗರಸು ಪುಕ್ಕಟೆ ಸಿಕ್ಕಿತ್ತು, ಅದಕ್ಕೇ ಅವನ ಕಣ್ಣಿಗೆ ಅದು ಕಸವಾಗಿ ಕಂಡಿತು.

“ಇಷ್ಟ್ಯಾಕ ತಂದೆಪ್ಪಾ?” ಎಂದಳು ಭಾಗ್ಯಾ, ಕಪ್ಪು ಗುಡ್ಡೆಯನ್ನು ನೋಡಿ. “ಹೂವಿನ ಮಡಿಗೆ ಒಂದಿಷ್ಟ ಸಾಕಾಗಿತ್ತಲ್ಲ.”

“ಇದು ಬರೇ ಮಣ್ಣಲ್ಲವ್ವಾ. ನಿಮ್ಮ ಮುತ್ತ್ಯಾ, ನಮ್ಮಪ್ಪ, ಉತ್ತ ಹೊಲಾ. ದಾರೀನೂ ಇದರಲೆ ಮಾಡತೇನಿ.”

“ದಾರಿಗೆ ಎರಿ ಮಣ್ಣ? ಗಾಲಿಗೆ ಹತ್ತಕೋತೈತಿ ಅಪ್ಪಾ.”

“ಹುಚ್ಚಿ. ನಿಮ್ಮ ಮುತ್ತ್ಯಾನ ಕಣಾ ನೀ ನೋಡಿಲ್ಲ. ಇದ ಮಣ್ಣಿಂದು. ನೀರ ಹೊಡದು, ದನಾ ತುಳಿಸಿ, ಸಗಣಿ ಸಾರಿಸಿದ್ರ ಕನ್ನಡಿ ಇದ್ದಂಗ ಇರತಿತ್ತು. ಬಿದ್ದ ಜ್ವಾಳದ ಕಾಳು ಉಳ್ಳಕೋತ ಹೋಗತಿತ್ತು, ಒಂದ ಕಾಳು ಮಣ್ಣಾಗತಿರಲಿಲ್ಲ. ಅಂಥಾದ್ರ ಮ್ಯಾಲೆ ನಿನ್ನ ಕುರ್ಚಿ ಉಳ್ಳೂದಿಲ್ಲೇನು?”

“ಮಳಿ ಬಂದ್ರ?”

“ಮಳಿ ಬಂದಾಗ ನೋಡೂಣು.”

ಮಗಳು ಅವನ ಮುಖ ನೋಡಿದಳು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ಅವಳು ಬಿದ್ದ ಮೇಲೆ ಕಂಡಿರಲಿಲ್ಲ. ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆಗೆ ಮುಂದೆ ಅವಳೇ ತನ್ನನ್ನು ಬೈದುಕೊಂಡಳು, ಆದರೆ ಅದರಲ್ಲಿ ಅವಳ ತಪ್ಪೇನಿತ್ತು? ಅಪ್ಪ ನಗುತ್ತಿದ್ದ, ಅಷ್ಟೇ.

ಸೋಮನಿಂಗ ಗರಸಿನ ಮೇಲೆಲ್ಲ ಎರೆಮಣ್ಣು ಹರವಿದ. ಉಳಿದ ಎರಡು ಒಡ್ಡುಗಳ ಹಿಂದೆ ಅದನ್ನೇ ತುಂಬಿದ. ಕಲ್ಲಿನ ಸಂದಿಗಳಿಂದ ಕಪ್ಪು ಪುಡಿ ಸೋರುವುದನ್ನು ನೋಡಲಾರದೆ ಒಂದೊಂದು ಸಂದಿಗೂ ಕೆಸರು ಮೆತ್ತಿ ಮುಚ್ಚಿದ. ನೀರಿಗೆ ದಾರಿ ಬೇಡವೇ ಎಂದು ಕೇಳಲು ಭಾಗ್ಯಾ ಅಲ್ಲಿಗೆ ಇಳಿದು ಬರುವಂತಿರಲಿಲ್ಲ. ದಾರಿಗೆ ನೀರು ಹೊಡೆದು, ತನ್ನ ಕುರಿಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಿಸಿದ. ತುಳಿ, ತುಳಿ ಎಂದು ಅವನು ಬೊಬ್ಬೆ ಹಾಕುವುದು, ಕುರಿಗಳು ಗಾಬರಿಯಾಗಿ ಒಂದರ ಮೇಲೊಂದು ಬೀಳುವುದು ನೋಡಿ ಭಾಗ್ಯಾ ಬಾಗಿಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಾಶಿಬಾಯಿ ಸಗಣಿ ಕಲಸಿ ಸಾರಿಸಿದಳು. ಎರಡು ಬಿಸಿಲು ಬಿದ್ದವು. ದಾರಿ ಕನ್ನಡಿಯಂತೆಯೇ ಆಯಿತು, ಅದರಲ್ಲಿ ಸುಳ್ಳಿಲ್ಲ.

ಮಾರನೆಯ ದಿನ ಭಾಗ್ಯಾ ತಲೆ ಬಾಚಿ, ಕಾಲೇಜಿಗೆ ಹಾಕುತ್ತಿದ್ದ ಹಳದಿ ಚೂಡಿದಾರ ಹಾಕಿಸಿಕೊಂಡು ಹೊಸ್ತಿಲಿಗೆ ಇಳಿಜಾರಾಗಿ ಹಾಕಿದ ಹಲಗೆ ದಾಟಿದಳು. ಅಪ್ಪ ಅವ್ವ ಇಬ್ಬರೂ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತರು. ಮುಟ್ಟಬಾರದು ಎಂದು ಅಪ್ಪಣೆಯಾಗಿತ್ತು. ಮೊದಲ ತಿರುವು, ಎರಡನೆಯ ತಿರುವು, ಕಡೆಯ ಮಡಿ. ಗಾಲಿಯ ಸದ್ದೂ ಬರಲಿಲ್ಲ. ಬೇವಿನ ಬುಡ ಮುಟ್ಟಿ ಅವಳು ಬೆನ್ನು ತಿರುಗಿಸಿಯೇ ಕೂತಳು. ಎಷ್ಟೋ ಹೊತ್ತು ಹಾಗೆಯೇ ರಸ್ತೆ ನೋಡುತ್ತಿದ್ದಳು. ಆಮೇಲೆ ಭುಜ ಬಿಗಿದು, ಉಸಿರು ಹಿಡಿದು, ಅಷ್ಟಷ್ಟೇ ಗಾಲಿ ತಳ್ಳುತ್ತ ಮೇಲೆ ಬಂದಳು. ಬೆವರಿನಲ್ಲಿ ತೊಯ್ದಿದ್ದಳು.

“ಚಾ ಮಾಡ ಅವ್ವಾ” ಎಂದಳು, ಸಂತೆಗೆ ಹೋಗಿ ಬಂದವರ ಹಾಗೆ.

ಆ ಬೇಸಿಗೆಯ ಉಳಿದ ದಿನಗಳು ಆ ಮನೆಗೆ ಸುಗ್ಗಿಯ ದಿನಗಳಾಗಿದ್ದವು. ಭಾಗ್ಯಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಳಗೆ ಹೋಗುತ್ತಿದ್ದಳು. ಚೆಂಡುಹೂವಿಗೆ ತಾನೇ ನೀರು ಹಾಕುತ್ತಿದ್ದಳು. ಬಸ್ಸಿಗೆ ನಿಂತ ಹಳೆಯ ಗೆಳತಿ ಕೈ ಬೀಸಿದ್ದನ್ನು ಊಟಕ್ಕೆ ಕೂತಾಗ ಹೇಳಿದಳು. ಬಿಟ್ಟುಹೋದ ಪರೀಕ್ಷೆಯನ್ನು ಮನೆಯಿಂದಲೇ ಕಟ್ಟಲು ಬರುತ್ತದಂತೆ ಎಂದೂ ಒಂದು ದಿನ ಅಂದಳು. ಸೋಮನಿಂಗ ಸಿಕ್ಕ ಸಿಕ್ಕವರನ್ನೆಲ್ಲ ಕರೆತಂದು ದಾರಿ ತೋರಿಸಿದ. ಮುಳವಾಡದಿಂದ ಬಂದ ನೆಂಟರು, “ಕಣಾ ಮಾಡಿಯಲ್ಲೋ ಮಾರಾಯ!” ಎಂದಾಗ ಅವನ ಎದೆ ಉಬ್ಬಿತು.

ಕಣವೇ ಮಾಡಿದ್ದ. ಆದರೆ ಕಣ ಮಾಡುವುದು ಯಾವಾಗ? ಮಳೆಗಾಲವೆಲ್ಲ ಮುಗಿದು, ಬೆಳೆ ಕೈಗೆ ಬಂದ ಮೇಲೆ. ಅದರ ಆಯುಷ್ಯ ರಾಶಿ ಮುಗಿಯುವ ತನಕ. ಮುಂಗಾರು ಬಿದ್ದೊಡನೆ ಕಣ ಮತ್ತೆ ಕೆಸರು, ಮತ್ತೆ ಹೊಲ, ಅದರ ಮೇಲೆ ಕುಂಟೆ ಹೊಡೆಯುತ್ತಾರೆ. ಮಳೆ ಕಂಡ ಕಣವನ್ನು ಯಾರೂ ಕಂಡಿಲ್ಲ. ಇದು ಸೋಮನಿಂಗನಿಗೆ ಗೊತ್ತಿರಲಿಲ್ಲವೇ? ಹಾಲು ಕುಡಿಯುವಾಗಿನಿಂದ ಗೊತ್ತಿತ್ತು. ಗೊತ್ತಿದ್ದದ್ದನ್ನು ಆ ಬೇಸಿಗೆಯಲ್ಲಿ ಅವನ ಮನಸ್ಸು ಮೂಲೆಗೆ ತಳ್ಳಿ ಅದರ ಮೇಲೆ ಕಂಬಳಿ ಹೊದಿಸಿತ್ತು.

ರೋಹಿಣಿ ಮಳೆ ಬರಲಿಲ್ಲ. ಮಿರಗ, ಅಂದರೆ ಮೃಗಶಿರಾ ಮಳೆ, ಹನಿಸಿ ಹೋಯಿತು. ನೆಲದ ಧೂಳು ಅಡಗಿತು, ಅಷ್ಟೇ. ಮಣ್ಣೆತ್ತಿನ ಅಮಾವಾಸ್ಯೆ ಬಂತು. ಆ ದಿನ ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವು ಹಾಕುವ ಮಣ್ಣಿನ ಗೋದಲಿ ಇಟ್ಟು ಪೂಜಿಸುವುದು ಈ ಕಡೆಯ ಪದ್ಧತಿ. ಗರಸಿನೂರಿಗೆ ಬಂದ ಮೇಲೆ ಸೋಮನಿಂಗನ ಮನೆಯಲ್ಲಿ ಪೇಟೆಯಿಂದ ಕೊಂಡ ಎತ್ತುಗಳಿಗೇ ಪೂಜೆಯಾಗುತ್ತಿತ್ತು.

“ಈ ಸಲ ಎತ್ತು ನಾ ಮಾಡತೇನಿ” ಎಂದಳು ಭಾಗ್ಯಾ. “ಮುತ್ತ್ಯಾನ ಹೊಲದ ಮಣ್ಣಿಲೆ.”

ಸೋಮನಿಂಗ ಆ ಮಾತನ್ನು ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡು ಕುರಿ ಮೇಯಿಸಲು ಹೋದ. ಮಧ್ಯಾಹ್ನ ದಾಟಿದ ಮೇಲೆ ಕಾಶಿಬಾಯಿ ಹಿಟ್ಟು ಬೀಸಿಸಲು ಗಿರಣಿಗೆ ಹೋದಳು. ಭಾಗ್ಯಾ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಮೊಬೈಲನ್ನು ಮಂಚದ ಮೇಲೆ ಬಿಟ್ಟು, ಕೆಳಗಿನ ಮಡಿಯ ಮಣ್ಣು ತರಲು ಇಳಿದಳು. ಮೋಡ ಆಗಲೇ ಕವಿದಿತ್ತು.

ದೂರದ ಬಯಲಿನಲ್ಲಿ ಮಳೆ ಸೋಮನಿಂಗನನ್ನು ಹಿಡಿಯಿತು. ಅದು ಹನಿಯಲ್ಲ, ಸುರಿತ. ಅವನು ಕಂಬಳಿಯ ಕೊಪ್ಪೆ ಹಾಕಿಕೊಂಡು ಕುರಿಗಳ ನಡುವೆ ನಿಂತ. ಮೊದಲ ಜೋರು ಮಳೆಗೆ ಎದ್ದ ಮಣ್ಣಿನ ವಾಸನೆ ಮೂಗಿಗೆ ಬಡಿದು ಅವನಿಗೆ ಎಷ್ಟು ಸುಖವಾಯಿತೆಂದರೆ, ಸುಮ್ಮನೆ ಒಂದು ಡೊಳ್ಳಿನ ಹಾಡು ಗುನುಗಿದ. ಈಗ ನನ್ನ ಹಿತ್ತಿಲ ಎರೆ ಹೊಟ್ಟೆ ತುಂಬ ನೀರು ಕುಡಿಯುತ್ತಿರಬೇಕು ಎಂದುಕೊಂಡ. ಕುಡಿಯುತ್ತಲೇ ಇತ್ತು. ಕುಡಿದು ಉಬ್ಬುತ್ತಲೂ ಇತ್ತು. ದಾರಿಯ ನೆನಪು ಅವನಿಗೆ ಒಮ್ಮೆಯೂ ಬರಲಿಲ್ಲ. ಮುಂದೆ ಎಷ್ಟು ಸಲ ಆ ಹೊತ್ತನ್ನು ನೆನೆದನೋ, ಅಷ್ಟು ಸಲವೂ ಅವನಿಗೆ ಆ ಹಾಡು ಕೇಳಿಸಿತು.

ಮಳೆ ನಿಂತ ಮೇಲೆ ಸಾವಕಾಶವಾಗಿ ಮನೆಗೆ ಬಂದ. ಓಣಿಯಲ್ಲಿ ಜನ ಸೇರಿದ್ದರು. ಅವನನ್ನು ಕಂಡು ಬದಿಗೆ ಸರಿದು ದಾರಿ ಬಿಟ್ಟರು. ಹಿಂಬಾಗಿಲಿಗೆ ಓಡಿ ನೋಡಿದ.

ಮೇಲಿನ ಗರಸಿನ ಒಡ್ಡು ನಿಂತಿತ್ತು. ಕೆಳಗಿನ ಎರಡೂ ಬಿದ್ದಿದ್ದವು. ಉಬ್ಬಿದ ಎರೆಮಣ್ಣು ಕಲ್ಲುಗಳನ್ನು ತಳ್ಳಿಕೊಂಡು ಜಾರಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದಾರಿಯ ಕಡೆಯ ತಿರುವಿನಲ್ಲಿ ಗಾಲಿಕುರ್ಚಿ ಕೆಸರಲ್ಲಿ ಅರ್ಧ ಹೂತು ಮಗ್ಗುಲಾಗಿತ್ತು. ಕೆಳಗಿನಿಂದ ಅದರ ತನಕ ಗಾಲಿಯ ಎರಡು ಗೆರೆ ಆಳವಾಗಿ ಕೊರೆದು ಬಂದು ಅಲ್ಲಿಗೆ ನಿಂತಿದ್ದವು. ಯಾಕೂಬಸಾಬನೂ ಮತ್ತೆ ಮೂವರೂ ಒಂದು ಕಂಬಳಿಯ ನಾಲ್ಕು ತುದಿ ಹಿಡಿದು, ಜಾರುತ್ತ ಏಳುತ್ತ ಭಾಗ್ಯಾಳನ್ನು ಮೇಲೆ ತರುತ್ತಿದ್ದರು. ಬೇಲಿಯ ಆಚೆ ಹೆಂಗಸರು ಮಕ್ಕಳು ನಿಂತು ನೋಡುತ್ತಿದ್ದರು. ಅವಳು ಕೂಗಿದ್ದಳು, ಆದರೆ ತಗಡಿನ ಮೇಲೆ ಮಳೆ ಬಡಿಯುವಾಗ ಯಾರ ಕೂಗು ಯಾರಿಗೆ ಕೇಳಬೇಕು. ಗಿರಣಿಯಿಂದ ಬಂದ ಕಾಶಿಬಾಯಿ ನೋಡುವ ತನಕ ಅವಳು ಕೆಸರಲ್ಲಿ ಬಿದ್ದೇ ಇದ್ದಳು.

ಅವಳ ಕಣ್ಣು ಮುಚ್ಚಿತ್ತು. ಎಚ್ಚರ ತಪ್ಪಿರಲಿಲ್ಲ, ತಾನಾಗಿ ಮುಚ್ಚಿಕೊಂಡಿದ್ದಳು. ಮುಷ್ಟಿಯಲ್ಲಿ ಕಪ್ಪು ಮಣ್ಣಿನ ಉಂಡೆಯೊಂದು ಇನ್ನೂ ಇತ್ತು.

“ಅವ್ವಾ... ಭಾಗ್ಯವ್ವಾ...” ಎಂದು ಸೋಮನಿಂಗ ಕೈ ಚಾಚಿದ. ಅವಳು ಕಣ್ಣು ತೆರೆಯಲಿಲ್ಲ.

ಮೈ ತೊಳೆಯುವಾಗ ಕಾಶಿಬಾಯಿ ಚೀರಿದಳು. ಪರಸಿಯ ಅಂಚು ಮೊಣಕಾಲ ಕೆಳಗೆ ಎಲುಬು ಕಾಣುವ ಹಾಗೆ ಸೀಳಿತ್ತು. ಗಾಯಕ್ಕೆ ಕೆಸರು ತುಂಬಿತ್ತು. ಭಾಗ್ಯಾಳಿಗೆ ಅದು ಗೊತ್ತೇ ಇರಲಿಲ್ಲ.

ಜೀವವಿಲ್ಲದ ಕಾಲಿನ ಗಾಯ ಬೇಗ ಮಾಯದು. ವಿಜಯಪುರದ ಆಸ್ಪತ್ರೆಯಲ್ಲಿ ಶ್ರಾವಣ ಕಳೆಯಿತು, ಭಾದ್ರಪದವೂ ಕಳೆಯಿತು. ಮಲಗಿ ಮಲಗಿ ಬೆನ್ನಿಗೂ ಹುಣ್ಣಾದವು. ಇನ್ನು ಕುರ್ಚಿಯ ಮೇಲೆ ಕೂರಿಸುವುದು ಬೇಡ, ಮಗ್ಗಲು ಬದಲಿಸುತ್ತ ಮಲಗಿಸಿಯೇ ಇರಬೇಕು, ಎಷ್ಟು ದಿನ ಎಂದು ಹೇಳಲಾಗದು ಎಂದು ಹೇಳಿ ಕಳಿಸಿದರು. ಕುರ್ಚಿಯನ್ನು ಸೋಮನಿಂಗ ತೊಳೆದು, ಮಡಿಸಿ, ಬಾಗಿಲ ಹಿಂದೆ ಇಟ್ಟ. ಗಾಲಿಯ ಕಡ್ಡಿಗಳ ನಡುವಿನ ಕಪ್ಪು ಎಷ್ಟು ತಿಕ್ಕಿದರೂ ಹೋಗಲಿಲ್ಲ.

“ಮತ್ತ ಮಾಡತೇನವ್ವಾ” ಎಂದ ಒಂದು ದಿನ, ಮಂಚದ ಹತ್ತಿರ ಕೂತು. “ಬರೇ ಗರಸು ಹಾಕತೇನಿ. ನೀ ಬರೆದ ಚಿತ್ರದ ಹಂಗ. ಸಂದಿ ಬಿಟ್ಟು.”

ಭಾಗ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಬ್ಯಾಡ ಅಪ್ಪಾ.”

“ಗಾಯಾ ಮಾದ ಮ್ಯಾಲೆ...”

“ನಾಕ ಮಂದಿ ನನ್ನ ಹೆಣಾ ತಂದಂಗ ತಂದ್ರು. ಎಲ್ಲಾರೂ ನೋಡಿದ್ರು. ಇನ್ನ ನಾ ಅಲ್ಲಿಗೆ ಹೋಗೂದಿಲ್ಲ. ಹಿತ್ತಲ ಬಾಗಲಾ ಹಾಕಿಬಿಡು, ಬೆಳಕ ಕಣ್ಣಿಗೆ ಬಡೀತೈತಿ.”

ಅವನು ಬಾಗಿಲು ಹಾಕಿದ. ಅಂಗಳಕ್ಕೆ ಬಂದಾಗ ಕಾಶಿಬಾಯಿ ಕಾದಿದ್ದಳು. ಇಷ್ಟು ದಿನ ಗಂಡನಿಗೆ ಒಂದು ಮಾತೂ ಅನ್ನದವಳು ಅವತ್ತು ಅಂದಳು. “ನೀವು ಮಗಳಿಗೆ ದಾರಿ ಮಾಡ್ಲಿಲ್ರಿ. ಸತ್ತ ಹೊಲಕ್ಕ ತಿಥಿ ಮಾಡಿದ್ರಿ.”

ಗೊತ್ತಿರಲಿಲ್ಲ ಎಂದು ಸೋಮನಿಂಗ ಹೇಳುವಂತಿರಲಿಲ್ಲ.

ಆದರೆ ಮಣ್ಣಿಗೆ ನಾಚಿಕೆ ಎಲ್ಲಿಯದು. ಇಳಿಜಾರಿನ ತುಂಬ ಜಾರಿ ಹರವಿಕೊಂಡ ಎರೆ ಹಿಂಗಾರಿನ ಹದಕ್ಕೆ ಬಂದು, ಕಪ್ಪಗೆ ಮಿರುಗುತ್ತ ಖಾಲಿ ಬಿದ್ದಿತ್ತು. ಬಿತ್ತಬಾರದು ಎಂದುಕೊಂಡೇ ಸೋಮನಿಂಗ ಒಂದು ಬೆಳಿಗ್ಗೆ ಉಡಿಯಲ್ಲಿ ಬಿಳಿಜೋಳ ಹಾಕಿಕೊಂಡು ಇಳಿದ. ಹದವಾದ ಎರೆ ಖಾಲಿ ಬಿದ್ದರೆ ಒಕ್ಕಲುಮಗನ ಕೈ ಕೇಳುವುದಿಲ್ಲ. ಜೋಳ ಎದ್ದಿತು. ಆಳುದ್ದ ಎದ್ದಿತು. ಎಳ್ಳಮಾವಾಸ್ಯೆಯ ಹೊತ್ತಿಗೆ ಮುಷ್ಟಿ ಗಾತ್ರದ ತೆನೆ ತೂಗಿದವು. ಗರಸಿನ ದಿಬ್ಬದಲ್ಲಿ ಇಂಥ ಬೆಳೆಯನ್ನು ಯಾರೂ ಕಂಡಿರಲಿಲ್ಲ. ದಾರಿಯಲ್ಲಿ ಹೋಗುವವರು ಬೇಲಿಗೆ ಬಂದು, “ಏನ ಬೆಳಿ ಬೆಳದೀಯೋ ಸೋಮಣ್ಣ! ಬಂಗಾರ ಬೆಳದಿ!” ಎಂದು ಹೊಗಳಿ ಹೋದರು. ಜೋಳದ ಎತ್ತರಕ್ಕೆ ಬೇವಿನ ಬುಡ ಮರೆಯಾಗಿತ್ತು. ಈಗ ಯಾರಾದರೂ ಹಿಂಬಾಗಿಲು ತೆರೆದರೂ ಅಲ್ಲಿಂದ ಮರದ ತಲೆಯಷ್ಟೇ ಕಾಣುತ್ತಿತ್ತು. ಕಡೆಯ ತಿರುವಿನ ಹತ್ತಿರ ಎರಡು ಗೆರೆಗಳ ಉದ್ದಕ್ಕೆ ಮಾತ್ರ ಏನೂ ಹುಟ್ಟಿರಲಿಲ್ಲ. ಗಾಲಿ ಕೊರೆದ ಮಣ್ಣು ಒಣಗಿ ಕಲ್ಲಾಗಿತ್ತು. ಸೋಮನಿಂಗ ಅವುಗಳ ಮೇಲೆ ಗುದ್ದಲಿ ಹಾಕಲಿಲ್ಲ, ಕಾಲನ್ನೂ ಇಡದೆ ದಾಟುತ್ತಿದ್ದ.

ಒಂದು ಮಧ್ಯಾಹ್ನ ತೆನೆಗಳ ನಡುವೆ ಕಸ ಕೀಳುತ್ತಿದ್ದಾಗ ಮುಚ್ಚಿದ ಬಾಗಿಲ ಒಳಗಿನಿಂದ ಭಾಗ್ಯಾ ಕರೆದಳು. ಮಗ್ಗಲು ಬದಲಿಸುವ ಹೊತ್ತಾಗಿತ್ತು. ಕಾಶಿಬಾಯಿ ಕೂಲಿಗೆ ಹೋಗಿದ್ದಳು. ಸೋಮನಿಂಗ ಸೊಂಟ ಹಿಡಿದುಕೊಂಡು ಏರಿ ಬಂದು ಬಾಗಿಲು ತೆರೆದು ಮಂಚದ ಹತ್ತಿರ ನಿಂತ. ಹಗುರಾಗಿಬಿಟ್ಟಿದ್ದಳು. ಎತ್ತಲು ಈಗ ಕಷ್ಟವೇ ಇರಲಿಲ್ಲ. ಅವನು ಬಾಗಿ ಕೈ ಹಾಕಲು ಹೋದ.

ಭಾಗ್ಯಾ ಅವನ ಕೈ ನೋಡಿದಳು.

“ಕೈ ತೊಳಕೊಂಡ ಬಾ ಅಪ್ಪಾ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಸೋಮನಿಂಗ ಬಚ್ಚಲಿಗೆ ಹೋಗಿ ಕೈ ತೊಳೆದ. ಸಾಬೂನು ಹಚ್ಚಿ ಮತ್ತೆ ತೊಳೆದ. ತೆಂಗಿನ ನಾರು ಹಿಡಿದು ಉಗುರಿನ ಸಂದಿಗಳನ್ನು ತಿಕ್ಕಿದ. ಒಳಗೆ ಮಗಳು ಕಾಯುತ್ತಿದ್ದಳು. ಇಪ್ಪತ್ತು ವರ್ಷ ನೀರೊಳಗಿದ್ದರೂ ತೊಳೆದು ಹೋಗದ ಮಣ್ಣು ಅದು, ಅವನ ಉಗುರಿನಿಂದಲೂ ಹೋಗಲಿಲ್ಲ.